ಕೋಬೋ ಟೂಲ್‌ಬಾಕ್ಸ್: ರೈತರ, ಮೀನುಗಾರರ ಮನೆ ಸರ್ವೆಗೆ ಬಳಸಿ ನೋಡಿದ ಮೇಲೆ

ಪಿಎಚ್‌ಡಿ ಮಾಡ್ತಿರೋರು, ಎಂಎಸ್‌ಡಬ್ಲ್ಯೂ ಫೀಲ್ಡ್‌ವರ್ಕಿಗೆ ಹೊರಟಿರೋ ಹುಡುಗ ಹುಡುಗೀರು ಕೇಳ್ತಾನೇ ಇರ್ತಾರೆ, ಮನೆ ಮನೆ ಸರ್ವೆಗೆ ಯಾವ ಆ್ಯಪ್ ಒಳ್ಳೇದು ಮೇಡಂ ಅಂತ. ನಾನು ಬಳಸೋದು ಕೋಬೋ ಟೂಲ್‌ಬಾಕ್ಸ್. ಬಯಲುಸೀಮೇಲಿ ರೈತರ ಮನೆ ಸರ್ವೆ ಮೂರು, ಕರಾವಳೀಲಿ ಮೀನುಗಾರರ ಮನೆ ಸರ್ವೆ ಎರಡು ಇದರಲ್ಲೇ ಮಾಡಿದ್ದು, ಅದಕ್ಕೂ ಮುಂಚೆ ನಾಕು ವರ್ಷ ಪೇಪರ್ ಶೆಡ್ಯೂಲ್ (ಅಚ್ಚು ಹಾಕಿದ ಪ್ರಶ್ನೆಪಟ್ಟಿ) ಕಂಕುಳಲ್ಲಿ ಇಟ್ಕೊಂಡು ಅಲೆದಿದ್ದೀನಿ, ಹಾಗಾಗಿ ಎರಡರ ಸುಖ ಕಷ್ಟನೂ ಗೊತ್ತು.

ಹಾರ್ವರ್ಡ್ ಯೂನಿವರ್ಸಿಟಿಯ ಹ್ಯುಮಾನಿಟೇರಿಯನ್ ಇನಿಶಿಯೇಟಿವ್‌ನೋರ ಕೆಲಸದಿಂದ ಬೆಳೆದು ಬಂದಿದ್ದು ಇದು, ಒಳಗಿರೋ ಎಂಜಿನ್ ಒಡಿಕೆ ಅನ್ನೋ ಓಪನ್ ಸೋರ್ಸ್ ಸಾಫ್ಟ್‌ವೇರಿಂದು. ಪ್ರಶ್ನೆಪಟ್ಟಿನ ಕಂಪ್ಯೂಟರಲ್ಲಿ ಮಾಡ್ಕೊಳ್ಳೋದು, ಫೋನಲ್ಲಿ ಕೋಬೋಕಲೆಕ್ಟ್ ಆ್ಯಪ್ ಹಾಕಿ ಫಾರ್ಮ್ ಇಳಿಸ್ಕೊಂಡ್ರೆ ಆಮೇಲೆ ನೆಟ್ ಬೇಡ. ಇಡೀ ದಿನ ನೆಟ್‌ವರ್ಕ್ ಇಲ್ಲದ ಊರಲ್ಲಿ ತುಂಬಿಸಿ ರಾತ್ರಿ ಬಸ್‌ಸ್ಟ್ಯಾಂಡ್ ಹತ್ರ ಬಂದು ಕಳಿಸಿದ್ರೆ ಆಯ್ತು. ಆ್ಯಪ್ ಇರೋದು ಆಂಡ್ರಾಯ್ಡಿಗೆ, ಐಫೋನ್ ಇದ್ದೋರು ಬ್ರೌಸರಲ್ಲಿ ವೆಬ್ ಫಾರ್ಮ್ ತೆಗೀಬೇಕು. ಒಂದೇ ಫಾರ್ಮಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇಟ್ಟು ಬೇಕಾದಾಗ ಬದಲಾಯಿಸ್ಕೋಬಹುದು, ಕನ್ನಡ ಅಕ್ಷರ ಚೆನ್ನಾಗಿ ಕಾಣುತ್ತೆ, ಎಕ್ಸೆಲ್ಲಿಗೆ ಇಳಿಸಿದಾಗಲೂ ಸರಿಯಾಗೇ ಬಂತು.

ನನಗೆ ಇದು ಎಷ್ಟು ಉಪಕಾರ ಮಾಡಿದೆ ಅಂತ ಹೇಳೋಕೆ ಒಂದೇ ಉದಾಹರಣೆ ಸಾಕು. ಪಹಣೀಲಿ ಜಮೀನು 2-20 ಅಂತ ಇರುತ್ತಲ್ಲ, ಅಂದ್ರೆ ಎರಡು ಎಕರೆ ಇಪ್ಪತ್ತು ಗುಂಟೆ, ಎರಡೂವರೆ ಎಕರೆ. ಪೇಪರಲ್ಲಿ ನಮ್ಮ ಹುಡುಗರು ಅದನ್ನ 2.20 ಅಂತ ಬರೀತಿದ್ರು, ಆಫೀಸಲ್ಲಿ ಎಂಟ್ರಿ ಮಾಡೋರು ಅದನ್ನೇ ದಶಾಂಶ ಅಂದ್ಕೊಂಡು ಹೊಡೀತಿದ್ರು, 2 ಎಕರೆ 38 ಗುಂಟೆ ಇರೋ ಮನುಷ್ಯನಿಗೆ ನಮ್ಮ ಲೆಕ್ಕದಲ್ಲಿ 2.38 ಎಕರೆ, ನಿಜವಾಗಿ ಅವನದ್ದು ಮೂರಕ್ಕೆ ಎರಡೇ ಗುಂಟೆ ಕಮ್ಮಿ! ಇಪ್ಪತ್ತಕ್ಕಿಂತ ಜಾಸ್ತಿ ಗುಂಟೆ ಹೋಗೇ ಬಿಡ್ತಿತ್ತು ಒಂದೊಂದು ಮನೇದು, ಆಮೇಲೆ ಎಕರೆಗೆ ಇಳುವರಿ ಎಷ್ಟು, ಖರ್ಚೆಷ್ಟು ಅಂತ ಭಾಗಿಸಿದ್ರೆ ಎಲ್ಲಾ ತಪ್ಪೇ. ಈಗ ಎಕರೆಗೆ ಒಂದು ಬಾಕ್ಸು, ಗುಂಟೆಗೆ ಒಂದು ಬಾಕ್ಸು, ಗುಂಟೆ 40ಕ್ಕಿಂತ ಕಮ್ಮಿ ಇರ್ಬೇಕು ಅಂತ ಕಂಡೀಶನ್ ಹಾಕಿಟ್ಟಿದ್ದೀನಿ, 45 ಒತ್ತಿದ್ರೆ ಮುಂದಕ್ಕೇ ಹೋಗಲ್ಲ, ಒಟ್ಟು ಎಷ್ಟಾಯ್ತು ಅಂತ ಅದೇ ಲೆಕ್ಕ ಹಾಕಿ ತೋರ್ಸುತ್ತೆ, ಅದನ್ನ ಯಜಮಾನ್ರಿಗೆ ಓದಿ ಹೇಳಿ ಹೌದಾ ಅಂತ ಕೇಳೋದು. ಹಾಗೇ ಭತ್ತ ಎಷ್ಟು ಚೀಲ ಅಂತ ಬರ್ಕೊಂಡು ಸುಮ್ನಾಗ್ಬೇಡಿ, ಚೀಲಕ್ಕೆ ಎಷ್ಟು ಕೆಜಿ ಅಂತ ಇನ್ನೊಂದು ಬಾಕ್ಸ್ ಇಡಿ, ಊರಿಂದೂರಿಗೆ ಚೀಲದ ತೂಕ ಬೇರೆ.

ಆದ್ರೆ ನೀವು ಏನು ಕೇಳ್ತೀರೋ ಅದನ್ನ ಮಾತ್ರ ಅದು ತಂದುಕೊಡುತ್ತೆ. ಇದನ್ನ ನಾನು ಕಲ್ತಿದ್ದು ಉಡುಪಿ ಜಿಲ್ಲೆಯ ಗಂಗೊಳ್ಳಿ ಕಡೆ. ನಮಗೆ ಕೆಲಸ ಕೊಟ್ಟ ಸಂಸ್ಥೆಯೋರು ಫಾರ್ಮನ್ನ ಮೊದಲೇ ಮಾಡಿ ಕಳಿಸಿದ್ರು, ಅದರಲ್ಲಿ ‘ಕುಟುಂಬದ ಮುಖ್ಯಸ್ಥರ ಪ್ರಾಥಮಿಕ ಉದ್ಯೋಗ’ ಅಂತ ಒಂದೇ ಪ್ರಶ್ನೆ, ಉತ್ತರ ಒಂದನ್ನೇ ಒತ್ತೋಕಾಗೋದು. ಒಬ್ಬ ಅಮ್ಮನ ಹತ್ರ ನಿಮಗೆ ಎಂತ ಕೆಲಸ ಅಂತ ಕೇಳ್ದೆ. "ನಂಗೆಂತ ಕೆಲ್ಸ ಇಲ್ಲೆ, ಮನೆಗೇ ಇಪ್ಪುದು" ಅಂದ್ರು. ನಾನು ಗೃಹಿಣಿ ಅಂತ ಒತ್ತಿದೆ. ಅವರು ಮಾತಾಡ್ತಾ ಮಾತಾಡ್ತಾ ಜಗಲಿ ಮೇಲೆ ಹರಡಿದ್ದ ತಾರ್ಲೆ ಮೀನನ್ನ ಒಂದೊಂದಾಗಿ ಮಗುಚಿ ಹಾಕ್ತಿದ್ರು, ಕೈಯೆಲ್ಲಾ ಉಪ್ಪು, ಉಗುರ ಸಂದೀಲಿ ಬೆಳ್ಳಗೆ ಸಿಪ್ಪೆ ಹತ್ಕೊಂಡಿತ್ತು. ಬೆಳಿಗ್ಗೆ ನಾಕಕ್ಕೆದ್ದು ದಕ್ಕೆಗೆ (ಬೋಟಿಂದ ಮೀನು ಇಳಿಸೋ ಕಟ್ಟೆಗೆ) ಹೋಗಿ ಹರಾಜಲ್ಲಿ ಮೀನು ತಗೊಂಡು, ಬುಟ್ಟಿ ಹೊತ್ತು ಮನೆ ಮನೆಗೆ ಮಾರಿ, ಉಳಿದದ್ದನ್ನ ಒಣಗಿಸ್ತಿದ್ದಾರೆ, ನನ್ನ ಫೋನಲ್ಲಿ ಮಾತ್ರ ಅವರಿಗೆ ಕೆಲಸ ಇಲ್ಲ! ಪೇಪರಾಗಿದ್ರೆ ಪಕ್ಕದಲ್ಲಿ ಖಾಲಿ ಜಾಗದಲ್ಲಿ ನಾಕು ಸಾಲು ಗೀಚಿರ್ತಿದ್ದೆ. ಆ ಫಾರ್ಮಲ್ಲಿ ಗೀಚೋಕೆ ಜಾಗನೇ ಇರ್ಲಿಲ್ಲ.

ಹಾಗಾಗಿ ನನ್ನ ಸ್ವಂತ ಫಾರ್ಮಲ್ಲಿ ಈಗ ಉದ್ಯೋಗ ಅನ್ನೋ ಪದನೇ ತೆಗೆದುಹಾಕಿದ್ದೀನಿ. "ನಿನ್ನೆ ಬೆಳಿಗ್ಗೆ ಎದ್ದಾಗಿಂದ ಏನೇನು ಮಾಡಿದ್ರಿ" ಅಂತ ಶುರು ಮಾಡೋದು, ಮೀನು ಮಾರೋದು, ಒಣಗಿಸೋದು, ಐಸ್ ಪ್ಲಾಂಟಲ್ಲಿ ಕೂಲಿ, ಬಲೆ ರಿಪೇರಿ ಎಲ್ಲಾ ಪಟ್ಟಿ ಮಾಡಿ ಎಷ್ಟು ಬೇಕಾದ್ರೂ ಒತ್ತೋ ಹಾಗೆ ಇಟ್ಟಿದ್ದೀನಿ, ಮನೇಲಿರೋ ಒಬ್ಬೊಬ್ಬರಿಗೂ ಬೇರೆ ಬೇರೆ. ಪ್ರತಿ ಭಾಗದ ಕೊನೇಲಿ ‘ಅವರ ಮಾತಲ್ಲೇ’ ಅಂತ ಒಂದು ಖಾಲಿ ಬಾಕ್ಸ್, ತುಂಬಲೇಬೇಕು ಅಂತಿಲ್ಲ. ಸಂಜೆ ರೂಮಿಗೆ ಬಂದು ನಾನು ಮೊದಲು ಓದೋದು ಅದನ್ನೇ.

ಇದು ಬರೀ ಪದದ ವಿಷಯ ಅಲ್ಲ. 2019ರಲ್ಲಿ ಕೇಂದ್ರ ಸರ್ಕಾರದ ಎನ್‌ಎಸ್‌ಎಸ್ (ರಾಷ್ಟ್ರೀಯ ಮಾದರಿ ಸಮೀಕ್ಷೆ) 77ನೇ ಸುತ್ತಲ್ಲಿ ಕೃಷಿ ಕುಟುಂಬಗಳ ಸರ್ವೆ ಆಯ್ತಲ್ಲ, ದೇಶದ ಸರಾಸರಿ ತಿಂಗಳ ಆದಾಯ 10,218 ರೂಪಾಯಿ ಅಂತ ಬಂತು, ಅದರಲ್ಲಿ ಕೂಲಿ ಸಂಬಳದಿಂದ 4,063, ಬೆಳೆಯಿಂದ 3,798, ದನಕರು ಹೈನುಗಾರಿಕೆಯಿಂದ 1,582. ರೈತ ಅಂತ ಕರೆಯೋ ಮನೆಗೆ ಬೆಳೆಗಿಂತ ಕೂಲಿ ಸಂಬಳದ ದುಡ್ಡು ಜಾಸ್ತಿ ಬರ್ತಿದೆ ಅನ್ನೋ ಸತ್ಯ ಗೊತ್ತಾಗಿದ್ದು ಒಂದೊಂದು ಮೂಲನೂ ಬಿಡಿಸಿ ಕೇಳಿದ್ದರಿಂದ. ಅದೂ ಒಂದೇ ಮನೆಗೆ ಎರಡು ಸಲ ಹೋಗಿ ಕೇಳಿದ್ದು. ನಮ್ಮಂಥ ಸಣ್ಣ ಸರ್ವೆಯೋರು ಒಂದೇ ಸಲ ಹೋಗಿ ‘ವಾರ್ಷಿಕ ಆದಾಯ ಎಷ್ಟು’ ಅಂತ ಕೇಳಿ ಬಂದ್ರೆ ಸಿಗೋದು ಬಿಪಿಎಲ್ ಕಾರ್ಡಿಗೆ ಬರೆಸಿದ ನಂಬರ್ ಅಷ್ಟೇ.

ಮೀನುಗಾರರ ಹತ್ರ ತಿಂಗಳ ಆದಾಯ ಕೇಳೋದಂತೂ ದಯವಿಟ್ಟು ಬಿಡಿ. ಬೋಟಿಗೆ ಹೋಗೋರಿಗೆ ಬರೋದು ಪಾಲು, ಮೀನು ಮಾರಿ ಡೀಸೆಲ್, ಐಸಿನ ಖರ್ಚು ಕಳೆದು ಮಾಲೀಕರು, ಕೆಲಸದೋರು ಹಂಚ್ಕೊಳ್ಳೋದು, ಒಂದು ಸಲ ಕೈ ತುಂಬ ಬರುತ್ತೆ, ಇನ್ನೊಂದು ಸಲ ಏನೂ ಇಲ್ಲ. ಕೊನೇ ಸಲ ಯಾವಾಗ ಹೋಗಿದ್ರಿ, ಎಷ್ಟು ದಿನ ಇದ್ರಿ, ಪಾಲು ಎಷ್ಟು ಬಂತು ಅಂತ ಕೇಳಿ, ಅದರ ಹಿಂದಿನ ಸಲದ್ದು ಕೇಳಿ. ಕೋಬೋದಲ್ಲಿ ರಿಪೀಟ್ ಗ್ರೂಪ್ ಅಂತ ಇದೆ, ಎಷ್ಟು ಸಲ ಹೋಗಿದ್ರೋ ಅಷ್ಟು ಸಲ ಅದೇ ಪ್ರಶ್ನೆ ತೆರ್ಕೊಳ್ಳುತ್ತೆ, ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ತಿಂಗಳ ಹೆಸರು ಹೇಳ್ಬೇಡಿ, ಚೌತಿ ಆದ್ಮೇಲೆ, ದೀಪಾವಳಿ ಹೊತ್ತಿಗೆ ಅಂತ ಕೇಳಿ, ತಟ್ಟನೆ ನೆನಪಾಗುತ್ತೆ.

ಸ್ಯಾಂಪಲ್ ತೆಗೆಯೋಕೆ, ಅಂದ್ರೆ ಯಾವ ಊರು, ಯಾವ ಮನೆ ಅಂತ ಆರಿಸ್ಕೊಳ್ಳೋಕೆ, ನಾನು ಮೊದಲು ನೋಡಿದ್ದು ಸಿಎಂಎಫ್‌ಆರ್‌ಐ (ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಮಾಡಿದ 2010ರ ಮೀನುಗಾರರ ಗಣತಿ, ಕರ್ನಾಟಕದ ಕಡಲ ತಡೀಲಿ 144 ಮೀನುಗಾರ ಹಳ್ಳಿ, 30,713 ಕುಟುಂಬ ಅಂತಿದೆ ಅದರಲ್ಲಿ. ಊರಿನ ಹೆಸರಿಗೆ ಒಳ್ಳೆ ಆಧಾರ, ಆದ್ರೆ ಮನೆ ಪಟ್ಟಿ ಹೊಸದಾಗಿ ನೀವೇ ನಡೆದು ಮಾಡ್ಕೊಳ್ಳಿ.

ಫೋನ್ ಹಿಡ್ಕೊಂಡು ಹೋದಾಗ ಒಂದು ತೊಂದ್ರೆ ಇದೆ. ಬಾಗಿಲಲ್ಲಿ ನಿಂತ ಕೂಡ್ಲೇ "ಯಾವ ಸಂಘದಿಂದ ಬಂದದ್ದು" ಅಂತಾರೆ, ಸಾಲ ವಸೂಲಿಯೋರೂ ಹೀಗೇ ಟ್ಯಾಬ್ ಹಿಡ್ಕೊಂಡೇ ಬರೋದಲ್ವಾ. ಹಾಗಾಗಿ ಮೊದಲ ಹತ್ತು ನಿಮಿಷ ಫೋನ್ ಬ್ಯಾಗಲ್ಲೇ ಇರ್ಲಿ. ಸಾಲದ ಪ್ರಶ್ನೆ ಇರೋ ಫಾರ್ಮಲ್ಲಿ ಮನೆಯ ಜಿಪಿಎಸ್ ಪಾಯಿಂಟ್ ತಗೋಬೇಡಿ, ಕೇರಿ ಹೆಸರು ಸಾಕು. ಫಾರ್ಮ್ ತುಂಬಿಸ್ತಿರೋವಾಗಲೇ ಹಿನ್ನೆಲೇಲಿ ಮಾತು ರೆಕಾರ್ಡ್ ಆಗೋ ಸೌಲಭ್ಯನೂ ಇದೆ, ಬಳಸೋದಾದ್ರೆ ಅವರ ಎದುರಿಗೆ ಹೇಳಿ, ಒಪ್ಪಿಗೆ ತಗೊಂಡೇ ಬಳಸಿ, ನಾನಂತೂ ಬಳಸಿಲ್ಲ.

ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. ಕಲಿಯೋಕೆ ಒಂದು ವಾರ ಇಟ್ಕೊಳ್ಳಿ, ಎಕ್ಸೆಲ್ಲಲ್ಲಿ ಫಾರ್ಮ್ ಬರೆಯೋದು ಮೊದಲ ಎರಡು ದಿನ ತಲೆನೋವು, ಆಮೇಲೆ ಕೈ ಕೂಡುತ್ತೆ. ಕರಾವಳಿಗೆ ಹೋಗೋರು ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ಹೊತ್ತಲ್ಲಿ ಹೋದ್ರೆ ಬೋಟಿನ ಗಂಡಸರು ಮನೇಲಿ ಸಿಗ್ತಾರೆ, ಹೋಗಿ. ಆದ್ರೆ ಬೋಟು ನಿಂತಾಗ ಮಾರೋಕೆ ಮೀನು ಕಮ್ಮಿ, ಹಾಗಾಗಿ ಮೀನು ಮಾರೋ ಹೆಂಗಸರ ಸರ್ವೆಗೆ ಅಕ್ಟೋಬರಲ್ಲಿ ಇನ್ನೊಂದು ಸಲ ಹೋಗ್ಲೇಬೇಕು, ಬಜೆಟಲ್ಲಿ ಆ ಎರಡನೇ ಪ್ರಯಾಣದ ಬಸ್ ಚಾರ್ಜನ್ನ ಮೊದಲೇ ಬರೆದಿಡಿ.