ಓದಿ ನೋಡಿ ಟೈಪ್ ಮಾಡುವ ಡಿಟಿಪಿ ಅಂಗಡಿ, ಸುಭಾಸ ರಸ್ತೆ, ಧಾರವಾಡ

ಧಾರವಾಡ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಶಿಕ್ಷಕಿ. ಈ ವರ್ಷ ಶಾಲೆಗೆ ನೂರು ತುಂಬಿತು. ಸ್ಮರಣ ಸಂಚಿಕೆಯ ಕೆಲಸ ನನ್ನ ಪಾಲಿಗೆ ಬಂತು. 72 ಪುಟ. ಅದರಲ್ಲಿ 19 ಪುಟ ಹಳೆಯ ವಿದ್ಯಾರ್ಥಿಗಳ ಪಟ್ಟಿಯೇ. ಹೆಸರು, ಊರು, ಓದು, ಉದ್ಯೋಗ ಅಂತ ನಾಲ್ಕು ಕಾಲಂ.

ಮೊದಲು ಬೇರೊಂದು ಕಡೆ ಕೊಟ್ಟಿದ್ದೆವು. ಪ್ರೂಫ್ ಕೈಗೆ ಬಂದಾಗ ನನಗೆ ಅಳುವೇ ಬಂತು. ನಮ್ಮೂರಿನ 86 ವರ್ಷದ ಅಜ್ಜ ಒಬ್ಬರು ಓದು ಅನ್ನುವಲ್ಲಿ 'ಮುಲ್ಕಿ ಪಾಸು' ಅಂತ ಬರೆಸಿದ್ದರು. ಅಲ್ಲಿಯವರು ಮುಲ್ಕಿಯನ್ನು ಊರಿನ ಕಾಲಂಗೆ ಸೇರಿಸಿ, ಓದಿನ ಜಾಗದಲ್ಲಿ ಬರೀ ಗೆರೆ ಎಳೆದಿದ್ದರು. ಮಂಗಳೂರಿನ ಕಡೆ ಮುಲ್ಕಿ ಅಂತ ಊರಿದೆ, ನಿಜ. ಆದರೆ ನಮ್ಮ ಕಡೆ, ಮುಂಬಯಿ ಪ್ರಾಂತದ ದಿನಗಳಲ್ಲಿ, ಮುಲ್ಕಿ ಅಂದರೆ ಏಳನೇ ಇಯತ್ತೆಯ (ತರಗತಿಯ) ದೊಡ್ಡ ಪರೀಕ್ಷೆ. ಅದು ಪಾಸಾದರೆ ಕನ್ನಡ ಸಾಲಿ ಮಾಸ್ತರ ಆಗಬಹುದಿತ್ತು. ಈ ಅಜ್ಜ ಹಾಗೆ ಮಾಸ್ತರರಾಗಿ ಅರ್ಧ ಊರಿಗೆ ಅಕ್ಷರ ಕಲಿಸಿದವರು. ಅವರ ಓದಿನ ಜಾಗ ಖಾಲಿ!

ಆಗ ಸಹೋದ್ಯೋಗಿ ಒಬ್ಬರು ಸುಭಾಸ ರಸ್ತೆಯ ಈ ಅಂಗಡಿ ತೋರಿಸಿದರು. ಮಹಡಿಯ ಮೇಲೆ ಒಂದೇ ಕೋಣೆ, ಎರಡು ಕಂಪ್ಯೂಟರ್. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಬೋರ್ಡಿನಲ್ಲಿ 'ಕನ್ನಡ ಡಿಟಿಪಿ' ಅಂತಷ್ಟೇ ಇದೆ.

ಹಳೆಯ ಪ್ರೂಫ್ ಜೊತೆಗೆ ನಮ್ಮ ಮೂಲ ಹಾಳೆಗಳನ್ನೂ ಕೊಟ್ಟೆ. ಆ ತಾಯಿ ಕೀಬೋರ್ಡ್ ಮುಟ್ಟಲಿಲ್ಲ. ಕೆಂಪು ಪೆನ್ ಹಿಡಿದು ಕೂತು, ಸುಮಾರು ಅರ್ಧ ಗಂಟೆ ಪಟ್ಟಿಯನ್ನು ಓದಿದರು. ಒಂದು ಸಾಲಿನ ಮೇಲೆ ಪೆನ್ ನಿಂತಿತು.

"ಅಕ್ಕಾರ, ಈ ಹುಡುಗಿ ಬಿ.ಕಾಂ. ಎರಡನೇ ವರ್ಷ ಅಂತ ನಿಮ್ಮ ಹಾಳ್ಯಾಗ ಐತಿ. ಇಲ್ಲಿ ಪದವಿಪೂರ್ವ ವಿದ್ಯಾರ್ಥಿನಿ ಅಂತ ಹೊಡದಾರ. ಪದವಿಪೂರ್ವ ಅಂದ್ರ ಪಿಯುಸಿ ಅಲ್ರೀ?"

ಹೌದಲ್ವಾ! ಪದವಿ ಇನ್ನೂ ಮುಗಿದಿಲ್ಲ, ಅದಕ್ಕೇ ಪದವಿಪೂರ್ವ ಅಂದುಕೊಂಡಿರಬೇಕು. ಪಾಪ, ಆ ಹುಡುಗಿ ಎರಡು ಮೆಟ್ಟಿಲು ಕೆಳಗೆ ಇಳಿದಿದ್ದಳು. 'ಪದವಿ ವಿದ್ಯಾರ್ಥಿನಿ' ಅಂತ ಆಯಿತು. ಇನ್ನೊಬ್ಬನಿಗೆ 'ಪದವೀಧರ' ಅಂತ ಹಾಕಿದ್ದರು, ಅವನು ಇನ್ನೂ ಕೊನೆಯ ಸೆಮಿಸ್ಟರ್‌ನಲ್ಲಿದ್ದಾನೆ. ಪಿಎಚ್.ಡಿ. ಮಾಡುತ್ತಿರುವ ಹುಡುಗನ ಹೆಸರಿನ ಹಿಂದೆ ಆಗಲೇ 'ಡಾ.' ಬಂದು ಕೂತಿತ್ತು. ಅದನ್ನು ತೆಗೆದು 'ಸಂಶೋಧನಾ ವಿದ್ಯಾರ್ಥಿ' ಅಂತ ಮಾಡಿದರು.

'ಸ್ನಾತಕ' ಅನ್ನುವ ಪದದ ಬಗ್ಗೆ ಮಾತ್ರ ನಾವಿಬ್ಬರೂ ತುಂಬಾ ಹೊತ್ತು ಮಾತಾಡಿದೆವು. ಹಿಂದೆ ಗುರುಕುಲದಲ್ಲಿ ಓದು ಮುಗಿದ ಮೇಲೆ ವಿಧಿಯಂತೆ ಸ್ನಾನ ಮಾಡಿ ಮನೆಗೆ ಹೊರಡುತ್ತಿದ್ದರು. ಹಾಗೆ ಮಿಂದವನೇ ಸ್ನಾತಕ. ಅಂದರೆ ಓದು ಮುಗಿಸಿದವನು. ಈಗ ಕಾಲೇಜಿನವರು ಓದುತ್ತಿರುವವರನ್ನೂ ಸ್ನಾತಕ ವಿದ್ಯಾರ್ಥಿ ಅನ್ನುತ್ತಾರೆ. ತಪ್ಪು ಅಂತ ಹೇಳಲಾರೆ, ರೂಢಿಗೆ ಬಂದಿದೆ. ಆದರೂ ನಮ್ಮ ಹಳ್ಳಿಯ ಓದುಗರಿಗೆ ಪದವಿ ಅನ್ನುವುದೇ ಚೆಂದ. ಎಂ.ಎ. ಮಾಡಿದವರಿಗೆ 'ಸ್ನಾತಕೋತ್ತರ' ಉಳಿಸಿಕೊಂಡೆವು, ಅದಕ್ಕೆ ಬೇರೆ ಸುಲಭ ಪದ ಹೊಳೆಯಲಿಲ್ಲ.

ಪಟ್ಟಿಯ ತಲೆಬರಹಕ್ಕೆ ನಾನು 'ಮಾಜಿ ವಿದ್ಯಾರ್ಥಿಗಳು' ಅಂತ ಬರೆದಿದ್ದೆ. "ಮಾಜಿ ಬ್ಯಾಡ್ರಿ, ಸಂಬಂಧ ಹರಕೊಂಡ್ಹಂಗ ಅನಸ್ತದ. ಹಳೆಯ ಅನ್ರಿ" ಅಂದರು. ಒಪ್ಪಿದೆ.

ಅಜ್ಜನ ಲೇಖನವೂ ಇತ್ತು. ಅದರಲ್ಲಿ 'ನಾನು ಬಿನ್ನೆತ್ತಾದಾಗ ಇದ್ದಾಗ' ಅಂತ ಶುರು. ಒಂದನೇ ಇಯತ್ತೆಗೂ ಮೊದಲಿನ ತರಗತಿಗೆ ಆಗ ಬಿನ್ನೆತ್ತಾ ಅನ್ನುತ್ತಿದ್ದರು. ಹಿಂದಿನ ಅಂಗಡಿಯಲ್ಲಿ ಅದು 'ಭಿನ್ನತೆ' ಆಗಿತ್ತು. ಇಲ್ಲಿ ಪದವನ್ನು ಹಾಗೆಯೇ ಉಳಿಸಿ, ಗೊತ್ತಿಲ್ಲದವರಿಗೆ ಕೆಳಗೆ ಒಂದು ಸಾಲಿನ ಅರ್ಥ ಹಾಕಿಕೊಟ್ಟರು. ನಾನು ಕೇಳಿರಲಿಲ್ಲ. ಅವರೇ ಮಾಡಿದ್ದು.

ದರ ಪುಟಕ್ಕೆ 40 ರೂಪಾಯಿ, ಕಾಲಂ ಇರುವ ಪುಟಕ್ಕೆ 60. ಎರಡು ಪ್ರೂಫ್ ಇದರಲ್ಲೇ ಬರುತ್ತದೆ, ಮೂರನೆಯದಕ್ಕೆ ಬೇರೆ ದುಡ್ಡು. ಹಿಂದಿನ ಕಡೆಗಿಂತ ಜಾಸ್ತಿಯೇ. ಕೆಲಸವೂ ನಿಧಾನ, ವಾರದಲ್ಲಿ ಕೊಡ್ತೀನಿ ಅಂದಿದ್ದು ಹನ್ನೆರಡು ದಿನ ಆಯಿತು. ಕರೆಂಟ್ ಹೋದರೆ ಕೆಲಸ ನಿಲ್ಲುತ್ತದೆ. ಮೆಟ್ಟಿಲು ಕಡಿದು, ಮಂಡಿ ನೋವಿನವರಿಗೆ ಕಷ್ಟ. 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯುನಿಕೋಡ್‌ಗೆ ಬದಲಿಸಿದಾಗ ಕೆಲವು ಒತ್ತಕ್ಷರ ಕೆಟ್ಟಿದ್ದವು. ತೋರಿಸಿದ ಕೂಡಲೇ ಸರಿಮಾಡಿದರು, ಆದರೆ ನೀವೂ ಒಮ್ಮೆ ಕಣ್ಣಾಡಿಸಿ.

ಕೊನೆಯ ಪ್ರೂಫ್ ಹಿಡಿದು ಅಜ್ಜನ ಮನೆಗೆ ಹೋಗಿದ್ದೆ. ಕನ್ನಡಕ ಒರೆಸಿಕೊಂಡು ತಮ್ಮ ಸಾಲಿನ ಮೇಲೆ ಬೆರಳಿಟ್ಟು ಜೋರಾಗಿ ಓದಿದರು: "ಮುಲ್ಕಿ ಪಾಸು. ನಿವೃತ್ತ ಶಿಕ್ಷಕರು." ಆಮೇಲೆ ಸೊಸೆಯನ್ನು ಕರೆದು ಅವಳ ಕೈಯಲ್ಲೂ ಓದಿಸಿದರು.