700 ರೂಪಾಯಿಯ ಸ್ಟ್ಯಾಂಡ್, ಪುಕ್ಕಟೆ ರೆಕಾರ್ಡರ್, 40 ರೂಪಾಯಿಯ ನೋಟ್‌ಬುಕ್

ಜನ ಫೋನ್ ಹೇಗೆ ಬಳಸುತ್ತಾರೆ ಅಂತ ತಿಳಿಯೋಕೆ ಈ ಮೂರರಲ್ಲಿ ಯಾವುದು ಒಳ್ಳೆಯದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ನೋಟ್‌ಬುಕ್ಕಿಗೆ. 700 ರೂಪಾಯಿ ಕೈಬಿಟ್ಟ ಮೇಲೆ ಬಂದ ಬುದ್ಧಿ ಇದು.

ಧಾರವಾಡದ ಸೂಪರ್ ಮಾರ್ಕೆಟ್‌ನಲ್ಲಿ ಹೂವು, ಕಾಯಿಪಲ್ಲೆ ಮಾರುವವರು ಯುಪಿಐ ಬಳಸುವಾಗ ಎಲ್ಲಿ ತಡವರಿಸುತ್ತಾರೆ ಅನ್ನೋದು ನನ್ನ ಪ್ರಾಜೆಕ್ಟ್. ದುಡ್ಡು ಬಂತಾ ಅಂತ ನೋಡುವಾಗ, ಸಗಟು ಅಂಗಡಿಯವರಿಗೆ ಹಾಕುವಾಗ ಬೆರಳು ಎಲ್ಲೆಲ್ಲಿ ಹೋಗುತ್ತದೆ ಅಂತ ತಿಳಿಯಬೇಕಿತ್ತು. ಅವರ ಫೋನಿನಲ್ಲೇ ಸ್ಕ್ರೀನ್ ರೆಕಾರ್ಡ್ ಮಾಡಿದೆ. ಸ್ಟ್ಯಾಂಡಿಗೆ ನನ್ನ ಫೋನ್ ಸಿಕ್ಕಿಸಿ ಮೇಲಿಂದ ವಿಡಿಯೋ ತೆಗೆದೆ. ಕೊನೆಗೆ ಪಕ್ಕದಲ್ಲಿ ಕೂತು ಬರೆದುಕೊಂಡೆ.

ರೆಕಾರ್ಡರ್ ಕಥೆ ಸ್ವಲ್ಪ ಉದ್ದ. ಆಂಡ್ರಾಯ್ಡ್ 11ರಿಂದ ಅದು ಫೋನಿನ ಜೊತೆಗೇ ಬರುತ್ತದೆ. ಆದರೆ ಹೂವಿನ ಅಕ್ಕಾರದು ಹಳೆಯ ಫೋನ್. ಬೇರೆ ಆ್ಯಪ್ ಹಾಕಿದೆ. ಬೆರಳು ಮುಟ್ಟಿದ ಜಾಗದಲ್ಲಿ ಚುಕ್ಕೆ ಕಾಣಲಿ ಅಂತ ಸೆಟ್ಟಿಂಗ್ಸ್‌ಗೆ ಹೋಗಿ, ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ ಡೆವಲಪರ್ ಆಪ್ಷನ್ಸ್ (ಆ್ಯಪ್ ಮಾಡುವವರಿಗೆ ಅಂತ ಅಡಗಿಸಿಟ್ಟ ಸೆಟ್ಟಿಂಗ್ಸ್) ತೆರೆದೆ. ಮರುದಿನ ಬೆಳಿಗ್ಗೆ ಹೋದರೆ ಅಕ್ಕಾರ ಮುಖ ಗಂಟು. "ಬ್ಯಾಂಕಿಂದು ತೆರಿವಲ್ದು ತಮ್ಮಾ, ಏನ್ ಮಾಡಿದಿ ನನ್ ಫೋನಿಗೆ?" ಡೆವಲಪರ್ ಆಪ್ಷನ್ಸ್ ಆನ್ ಇದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯೋದೇ ಇಲ್ಲ. ಆಫ್ ಮಾಡಿಕೊಟ್ಟೆ. ಎರಡು ಮೊಳ ಮಲ್ಲಿಗೆಯನ್ನೂ ಕೊಂಡೆ, ಸಮಾಧಾನಕ್ಕೆ.

ಚುಕ್ಕೆ ಬಿಟ್ಟು ರೆಕಾರ್ಡ್ ಮಾಡಿದರೆ ಪಿನ್ ಹಾಕುವ ಜಾಗದಲ್ಲಿ ಸ್ಕ್ರೀನ್ ಪೂರ್ತಿ ಕಪ್ಪು. ಆ್ಯಪ್ ಮಾಡಿದವರೇ ಹಾಗೆ ಇಟ್ಟಿರುತ್ತಾರೆ. ಒಳ್ಳೆಯದೇ ಬಿಡಿ. ನನಗೆ ತಲೆನೋವಾದದ್ದು ಉಳಿದ ಭಾಗ. ಪುಟ ತಾನಾಗೇ ಮೇಲೆ ಕೆಳಗೆ ಓಡುತ್ತಿತ್ತು, ಒತ್ತಬಾರದ ಬಟನ್ ಒತ್ತಿಕೊಳ್ಳುತ್ತಿತ್ತು. ಮೂರು ರಾತ್ರಿ ಅದೇ ವಿಡಿಯೋ ನೋಡಿ, ಆ್ಯಪ್‌ನ ವಿನ್ಯಾಸವೇ ಸರಿ ಇಲ್ಲ ಅಂತ ಎರಡು ಪುಟ ಬರೆದೆ.

ಆಮೇಲೆ ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ಕೂತೆ. ಐದೇ ನಿಮಿಷ. ಅಕ್ಕಾರು ಹೂವಿಗೆ ನೀರು ಚಿಮುಕಿಸಿದರು, ಅದೇ ಕೈಯಲ್ಲಿ ಫೋನ್ ಎತ್ತಿದರು. ಟಚ್ ಸ್ಕ್ರೀನಿಗೆ ನೀರಿನ ಹನಿಯೂ ಬೆರಳೇ ಅನ್ನಿಸಬಹುದು ಅಲ್ವಾ! ಎರಡು ಪುಟ ಹರಿದು ಹಾಕಿದೆ.

ಸ್ಟ್ಯಾಂಡ್ ಬಗ್ಗೆ ಹೆಚ್ಚು ಹೇಳೋಕಿಲ್ಲ. ಬುಟ್ಟಿಯ ಅಂಚಿಗೆ ಅದರ ಕ್ಲಿಪ್ ಕೂರಲಿಲ್ಲ, "ರೀಲ್ಸ್ ಮಾಡಾಕತ್ತೀರೇನ್ರಿ?" ಅಂತ ಜನ ಸೇರಿದರು, ಮೇಲಾಗಿ ಪಿನ್ ಕೂಡ ವಿಡಿಯೋದಲ್ಲಿ ಬಂತು. ಅವರ ಎದುರೇ ಡಿಲೀಟ್ ಮಾಡಿದೆ.

ನೋಟ್‌ಬುಕ್ ಅಂದರೆ ಸಂಶೋಧನೆ ಅನ್ನಿಸೋದಿಲ್ಲ ಅಂತ ಗೆಳೆಯರು ನಕ್ಕರು. ಆದರೆ 2013ರಲ್ಲಿ ಮೊಬೈಲ್ ವಿನ್ಯಾಸಕಾರ ಸ್ಟೀವನ್ ಹೂಬರ್ ಬೀದಿ, ಬಸ್ಸುಗಳಲ್ಲಿ ಫೋನ್ ಬಳಸುವವರನ್ನು ಸುಮ್ನೆ ನೋಡಿಯೇ 1,333 ಸಲದ ಲೆಕ್ಕ ಇಟ್ಟರು. ಸ್ಕ್ರೀನ್ ಮುಟ್ಟುತ್ತಿದ್ದವರಲ್ಲಿ ಶೇ. 49 ಒಂದೇ ಕೈಯಲ್ಲಿ ಅಂತ ಬಂತು. ನಾನೂ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸಿನಲ್ಲಿ ಎಣಿಸಿ ನೋಡಿದೆ. ನಿಂತವರೆಲ್ಲ ಹೆಚ್ಚುಕಡಿಮೆ ಒಂದೇ ಕೈ, ಇನ್ನೊಂದು ಕೈ ಕಂಬಕ್ಕೆ! ಅಂದಿನಿಂದ 'ಇನ್ನೊಂದು ಕೈಯಲ್ಲಿ ಏನಿದೆ' ಅಂತ ಒಂದು ಕಾಲಂ ಹಾಕಿಕೊಂಡಿದ್ದೇನೆ. ತಕ್ಕಡಿ, ಚೀಲ, ಚಹಾ, ಕೂಸು.

ಸೆಕೆಂಡುಗಳ ಲೆಕ್ಕ ಬೇಕಿದ್ದರೆ ನೋಟ್‌ಬುಕ್ ಆಗೋದಿಲ್ಲ. ಬಟನ್ ಸಣ್ಣದಾದಷ್ಟು, ದೂರ ಇದ್ದಷ್ಟು ಬೆರಳಿಗೆ ಸಮಯ ಜಾಸ್ತಿ ಅನ್ನುವ ಫಿಟ್ಸ್ ನಿಯಮ 1954ರದು. ಅಂಥದ್ದನ್ನು ಅಳೆಯೋರು ರೆಕಾರ್ಡರನ್ನೇ ಹಿಡಿಯಿರಿ, ಫೋನ್ ಮಾತ್ರ ನಿಮ್ಮದೇ ಇರಲಿ. ನನಗೆ ಫೆಲೋಶಿಪ್ ಇಲ್ಲ, ಕೂತು ಮಾತಾಡುವ ಚಟ ಇದೆ. 40 ರೂಪಾಯಿ ಸಾಕು.

ಸ್ಟ್ಯಾಂಡ್ ಈಗ ಅವ್ವನ ಅಡುಗೆಮನೆಯಲ್ಲಿದೆ. ಗದಗಿನಲ್ಲಿರುವ ಅಕ್ಕನ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡುತ್ತಾ ರೊಟ್ಟಿ ಬಡಿಯುತ್ತಾಳೆ. ಕಾಲ್ ಕಟ್ ಮಾಡೋದು ಮೊಣಕೈಯಿಂದ. ಅದನ್ನೂ ಬರೆದುಕೊಂಡಿದ್ದೇನೆ.