ಆನ್‌ಲೈನ್ ಚಾಕು ಅಂಗಡಿ: ವರ್ಷಗಟ್ಟಲೆ ಬಳಸಿದ ಮೇಲೆ ಬರೆದದ್ದು

ಅಂಗಡಿಯ ಹೆಸರು ಹಾಕುತ್ತಿಲ್ಲ. ಹಾಕಿದರೆ ಅರ್ಧ ಜನ ಜಾಹೀರಾತು ಅಂತೀರಿ, ಇನ್ನರ್ಧ ಜನ ಕೂಪನ್ ಕೋಡ್ ಕೇಳುತ್ತೀರಿ. ಮಂಡ್ಯದಲ್ಲಿ ನಮ್ಮದೊಂದು ಸಣ್ಣ ಮೆಸ್ ಇದೆ. ಬೆಳಗಿನ ಜಾವ ಈರುಳ್ಳಿ ಹೆಚ್ಚಲು ಶುರು ಮಾಡಿದರೆ ಮಧ್ಯಾಹ್ನದ ಊಟ ಮುಗಿಯುವವರೆಗೂ ಚಾಕು ಕೆಳಗಿಡುವ ಹಾಗಿಲ್ಲ. ನಾಟಿಕೋಳಿ, ಮಟನ್ ದಿನಗಳು ಬೇರೆ. ಅಡುಗೆಮನೆಯ ಚಾಕುಗಳನ್ನು ಬಹಳ ಕಾಲದಿಂದ ಒಂದೇ ಸಣ್ಣ ಆನ್‌ಲೈನ್ ಅಂಗಡಿಯಿಂದ ತರಿಸುತ್ತಿದ್ದೇನೆ, ನಡುನಡುವೆ ದೊಡ್ಡ ಆಪ್‌ಗಳಿಂದಲೂ ತರಿಸಿದ್ದುಂಟು.

ಈ ಅಂಗಡಿಯನ್ನು ಬಿಡದೆ ಇರುವುದಕ್ಕೆ ಕಾರಣ ಬೆಲೆ ಅಲ್ಲ. ಬೆಲೆ ಜಾಸ್ತಿನೇ. ಕಾರಣ ಏನು ಅಂದರೆ, ಅವರಿಗೆ ಗಿರಾಕಿಗೆ "ಬೇಡ" ಅನ್ನುವುದಕ್ಕೆ ಬರುತ್ತದೆ. ಜಪಾನಿನ ವಿಜಿ-10 ಸ್ಟೀಲಿನ ಚಾಕು ಬೇಕು ಅಂತ ವಾಟ್ಸಾಪ್ ಮಾಡಿದರೆ ತಿರುಗಿ ಪ್ರಶ್ನೆ ಬಂತು. "ಏನೇನು ಹೆಚ್ಚುತ್ತೀರಾ ಸರ್? ಮೂಳೆ, ತೆಂಗಿನಕಾಯಿ ಎಲ್ಲಾ ಇದರಲ್ಲೇನಾ?" ಮೆಸ್ ಅಂದ ಮೇಲೆ ಎಲ್ಲಾ ಇರುತ್ತದೆ, ಹುಡುಗರು ಕೈಗೆ ಸಿಕ್ಕಿದ್ದರಲ್ಲಿ ಕಡಿಯುತ್ತಾರೆ ಅಂದೆ. "ಹಾಗಾದ್ರೆ ಹುಡುಗರ ಕೈಗೆ ಇದು ಬೇಡ, ಒಂದೇ ವಾರಕ್ಕೆ ಅಂಚು ಚಕ್ಕೆ ಏಳುತ್ತೆ. ಜರ್ಮನ್ ಸ್ಟೀಲಿಂದು ತಗೊಳ್ಳಿ. ಮೂಳೆಗೆ ನಿಮ್ಮೂರಿನ ಮಚ್ಚೇ ಸರಿ." ಅವರು ಮಾರಬಹುದಾಗಿದ್ದ ಚಾಕುವಿನ ಬೆಲೆ ಇದರ ದುಪ್ಪಟ್ಟು. ಅವತ್ತೇ ನಂಬಿಕೆ ಬಂತು.

ಅವರು ಹೇಳಿದ್ದರಲ್ಲಿ ಲೆಕ್ಕ ಇದೆ. ಸ್ಟೀಲಿನ ಗಟ್ಟಿತನವನ್ನು ರಾಕ್‌ವೆಲ್ ಅಳತೆಯಲ್ಲಿ ಹೇಳುತ್ತಾರೆ, ಎಚ್‌ಆರ್‌ಸಿ ಅಂತ ಬರೆದಿರುತ್ತದೆ, ಸಂಖ್ಯೆ ಹೆಚ್ಚಿದಷ್ಟೂ ಗಟ್ಟಿ. ವಿಜಿ-10 ಸುಮಾರು 60ಕ್ಕೆ ನಿಲ್ಲುತ್ತದೆ. ಹರಿತ ಬಹಳ ದಿನ ಇರುತ್ತದೆ, ಆದರೆ ಗಟ್ಟಿ ವಸ್ತುವಿಗೆ ತಾಗಿದರೆ ಅಂಚು ಬಾಗುವುದಿಲ್ಲ, ಮುರಿಯುತ್ತದೆ. 1.4116 ಅನ್ನುವ ಜರ್ಮನ್ ಸ್ಟೀಲ್ 56ರಿಂದ 58. ಗಟ್ಟಿತನ ಕೊಡುವ ಕಾರ್ಬನ್ ಅದರಲ್ಲಿ ಶೇ 0.5ರಷ್ಟು, ವಿಜಿ-10ರಲ್ಲಿ ಶೇ 1ರಷ್ಟು, ತುಕ್ಕು ತಡೆಯುವ ಕ್ರೋಮಿಯಂ ಎರಡರಲ್ಲೂ ಶೇ 15ರ ಆಸುಪಾಸು. ಜರ್ಮನ್ ಸ್ಟೀಲ್ ಬೇಗ ಮೊಂಡಾಗುತ್ತದೆ ನಿಜ, ಆದರೆ ಹೋನಿಂಗ್ ರಾಡ್ (ಬಾಗಿದ ಅಂಚನ್ನು ನೆಟ್ಟಗೆ ಮಾಡುವ ಉದ್ದನೆಯ ಕಡ್ಡಿ) ಮೇಲೆ ನಾಲ್ಕು ಸಲ ಎಳೆದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಮೆಸ್ಸಿನ ಹುಡುಗರಿಗೆ ಇದೇ ಸರಿ. ವಿಜಿ-10 ಒಂದನ್ನು ಆಮೇಲೆ ತರಿಸಿದೆ, ಅದು ನನ್ನ ಕೈಯಲ್ಲಿ ಮಾತ್ರ. ಹುರುಳಿಕಾಯಿ, ಕೊತ್ತಂಬರಿ, ಎಲೆಕೋಸಿಗೆ ಅದರ ಸುಖವೇ ಬೇರೆ.

ಒಳ್ಳೆಯ ಅಂಗಡಿಯ ಗುರುತು ಅದರ ಪೇಜಿನಲ್ಲೇ ಸಿಗುತ್ತದೆ. ಸ್ಟೀಲಿನ ಗ್ರೇಡ್ ಬರೆದಿದ್ದಾರಾ ನೋಡಿ. "ಹೈ ಕಾರ್ಬನ್ ಸ್ಟೇನ್‌ಲೆಸ್", "ಜಪಾನೀಸ್ ಸ್ಟೀಲ್" ಅಂತ ಮಾತ್ರ ಇದ್ದರೆ ಏನೂ ಹೇಳಿಲ್ಲ ಅಂತಲೇ ಅರ್ಥ. ಮಾಮೂಲಿ 420 ಸ್ಟೀಲಿನ ಚಾಕುವಿಗೆ ಗಟ್ಟಿತನ 62 ಅಂತ ಬರೆದಿರುವವರೂ ಇದ್ದಾರೆ. ಆ ಸ್ಟೀಲು ಅಲ್ಲಿಗೆ ಹೋಗುವುದೇ ಇಲ್ಲ, ಅಂಥವರ ಬೇರೆ ಮಾತನ್ನೂ ನಂಬಬೇಡಿ. ತೂಕ, ಅಲಗಿನ ಉದ್ದ, ಬೆನ್ನಿನ ದಪ್ಪ ಇರಬೇಕು. ಫೋಟೊ ವಿಷಯಕ್ಕೆ ಬಂದರೆ, ನಿಂಬೆಹಣ್ಣು ತೇಲಿಸಿ ತೆಗೆದ ಚಂದದ ಫೋಟೊ ನನಗೆ ಬೇಡ. ಹಿಡಿಯ ಕಡೆಯಿಂದ ತುದಿಯ ಕಡೆಗೆ ನೇರವಾಗಿ ನೋಡಿ ತೆಗೆದ ಒಂದು ಫೋಟೊ ಬೇಕು. ಬೆನ್ನಿನಿಂದ ಅಂಚಿನವರೆಗೆ ಅಲಗು ಹೇಗೆ ತೆಳ್ಳಗಾಗುತ್ತಾ ಬಂದಿದೆ ಅಂತ ಅದರಲ್ಲಿ ಮಾತ್ರ ಗೊತ್ತಾಗುವುದು. ಅಂಚಿನ ಹಿಂದೆ ದಪ್ಪ ಇರುವ ಚಾಕು ಎಷ್ಟೇ ಹರಿತ ಇದ್ದರೂ ಕ್ಯಾರೆಟ್ಟನ್ನು ಹೆಚ್ಚುವುದಿಲ್ಲ, ಸೀಳುತ್ತದೆ.

ಡಮಾಸ್ಕಸ್ ಅಂತ ಅಲೆಅಲೆ ಗೆರೆಯ ಚಾಕು ಈಗ ಎಲ್ಲರಿಗೂ ಬೇಕು. 67 ಪದರ ಅಂದರೆ ನಡುವೆ ಒಂದು ಗಟ್ಟಿ ಸ್ಟೀಲು, ಎರಡೂ ಕಡೆ 33 ಪದರ. ಹೆಚ್ಚುವುದು ನಡುವಿನದ್ದು, ಉಳಿದದ್ದು ಹೆಚ್ಚಾಗಿ ಚಂದಕ್ಕೆ. ಅಗ್ಗದವುಗಳಲ್ಲಿ ಆ ಗೆರೆಗಳನ್ನು ಲೇಸರಿನಲ್ಲಿ ಕೊರೆದಿರುತ್ತಾರೆ. ಒಂದು ಚಾಕುವಿನ ಗೆರೆ ಇನ್ನೊಂದರಲ್ಲೂ ಹಾಗೇ ಇದ್ದರೆ ಅದು ಛಾಪು ಅಂತಲೇ ತಿಳಿಯಿರಿ. ನಾನು ತರಿಸುವ ಅಂಗಡಿಯವರು ನಡುವಿನ ಸ್ಟೀಲು ಯಾವುದು ಅಂತ ಮೊದಲ ಸಾಲಿನಲ್ಲೇ ಹಾಕುತ್ತಾರೆ, ಪದರದ ಸುದ್ದಿ ಆಮೇಲೆ.

ಇನ್ನೊಂದು ಗುರುತು. ಗಟ್ಟಿ ಜಪಾನೀ ಚಾಕುವಿನ ಜೊತೆ ಎಳೆದು ಹರಿತ ಮಾಡುವ ಪುಟ್ಟ ಸಾಧನವನ್ನು ಫ್ರೀ ಕೊಡುವ ಅಂಗಡಿ ಕಂಡರೆ ಅಲ್ಲಿಂದ ಹೊರಡಿ. ಆ ಸಾಧನ ಅಂಚನ್ನು ಕೆರೆದು ಕಿತ್ತು ಹಾಕುತ್ತದೆ. ತಿಳಿದವರು 1000 ಗ್ರಿಟ್ (ಕಲ್ಲು ಎಷ್ಟು ನುಣುಪು ಅನ್ನುವ ಅಳತೆ) ಸಾಣೆಕಲ್ಲು ತೋರಿಸುತ್ತಾರೆ, ಯಾವ ಕೋನದಲ್ಲಿ ಉಜ್ಜಬೇಕು ಅಂತಲೂ ಹೇಳುತ್ತಾರೆ: ಜಪಾನೀ ಚಾಕುವಿಗೆ ಒಂದೊಂದು ಬದಿಗೆ ಸುಮಾರು 15 ಡಿಗ್ರಿ, ಜರ್ಮನ್ ಚಾಕುವಿಗೆ ಸ್ವಲ್ಪ ಜಾಸ್ತಿ. ಬೀದಿಗೆ ಬರುವ ಸಾಣೆಯವನಿಗೆ ಮಚ್ಚು, ಕುಡುಗೋಲು ಧಾರಾಳವಾಗಿ ಕೊಡಿ, ನಾವೂ ಕೊಡುತ್ತೇವೆ. ಆದರೆ ತೆಳ್ಳಗಿನ ಅಲಗನ್ನು ನೀರಿಲ್ಲದೆ ಚಕ್ರಕ್ಕೆ ಹಿಡಿದರೆ ಅಂಚು ಕಾದು ನೀಲಿಗಟ್ಟುತ್ತದೆ. ಹಾಗಾದರೆ ಅಷ್ಟು ಭಾಗದ ಹದ ಹೋಯಿತು.

ಕಾರ್ಬನ್ ಸ್ಟೀಲಿನ, ಅಂದರೆ ಸ್ಟೇನ್‌ಲೆಸ್ ಅಲ್ಲದ, ಚಾಕುವಿನ ಪೇಜಿನಲ್ಲಿ ನಮ್ಮ ಅಂಗಡಿಯವರು ಬರೆದಿರುವ ಎಚ್ಚರಿಕೆ ನನಗೆ ತುಂಬಾ ಇಷ್ಟ. ಬಾಳೆದಿಂಡು, ಮಾವಿನಕಾಯಿ, ನಿಂಬೆಹಣ್ಣು ಹೆಚ್ಚಿದರೆ ಅಲಗು ಕಪ್ಪಾಗುತ್ತದೆ, ಅದು ತುಕ್ಕಲ್ಲ, ಗಾಬರಿ ಬೇಡ, ಆದರೆ ಒರೆಸದೆ ಇಟ್ಟರೆ ತುಕ್ಕು ಗ್ಯಾರಂಟಿ ಅಂತ. ಡಬ್ಬಿಯಲ್ಲಿ ಬಂದ ಚೀಟಿಯಲ್ಲಿ ಆಯುಧಪೂಜೆಗೂ ಒಂದು ಸಾಲು ಇತ್ತು. ಅರಿಶಿನ ಕುಂಕುಮ ಒದ್ದೆಯಾಗಿ ಹಚ್ಚಿದರೆ ಪೂಜೆ ಮುಗಿದ ಮೇಲೆ ಒರೆಸಿ ಎಣ್ಣೆ ಸವರಿ ಅಂತ. ನಮ್ಮ ಅಡುಗೆಮನೆ ನೋಡಿದವರೇ ಬರೆದಿರಬೇಕು ಅನ್ನಿಸಿತು. ಮೈಸೂರು ಸೀಮೆಯಲ್ಲಿ ಹಬ್ಬದ ದಿನ ಚಾಕುವನ್ನು ಹಾಗೇ ಬಿಡುತ್ತೇವಲ್ಲ, ಮುಟ್ಟುವ ಹಾಗೂ ಇಲ್ಲ!

ಸ್ಟಾರ್ ನೋಡಿ ಮೋಸ ಹೋಗಬೇಡಿ. ಹೊಸ ಚಾಕು ಯಾವುದಾದರೂ ಹರಿತವೇ. "ಬಂತು, ಟೊಮೆಟೊ ಹೆಚ್ಚಿದೆ, ಸೂಪರ್" ಅನ್ನುವ ವಿಮರ್ಶೆಗೆ ಬೆಲೆ ಇಲ್ಲ. ಆರು ತಿಂಗಳಾದ ಮೇಲೆ ಹಿಡಿಯ ರಿವೆಟ್ ಅಲ್ಲಾಡುತ್ತಿದೆಯಾ, ಹಿಡಿಗೂ ಅಲಗಿಗೂ ನಡುವೆ ನೀರು ಇಳಿಯುತ್ತಿದೆಯಾ ಅಂತ ಬರೆದವರನ್ನು ಹುಡುಕಿ ಓದಿ.

ಕೊಂಡ ಮೇಲಿನ ಕತೆ. ಈ ಅಂಗಡಿಯ ಒಂದು ಚಾಕುವಿನ ಹಿಡಿ ಸೀಳಿತು. ಫೋಟೊ ಕಳಿಸಿದೆ. ಬಿಸಿನೀರಲ್ಲಿ ನೆನೆಹಾಕ್ತೀರಾ ಅಂತ ಕೇಳಿದರು, ಇಲ್ಲ ಅಂದೆ, ವಾದ ಮಾಡದೆ ಬೇರೆ ಚಾಕು ಕಳಿಸಿದರು. ಇದನ್ನೇ ಒಂದು ದೊಡ್ಡ ಆಪ್‌ನಲ್ಲಿ ತಗೊಂಡ "ಜರ್ಮನ್" ಚಾಕುವಿನ ಜೊತೆ ಹೋಲಿಸಿ. ಡಬ್ಬಿ ಮೇಲೆ ಯಾವ ದೇಶದ್ದು, ಆಮದು ಮಾಡಿದವರು ಯಾರು, ಏನೂ ಇಲ್ಲ. ಇರಲೇಬೇಕು, ಕಾನೂನು. ಕೆಲವೇ ದಿನಕ್ಕೆ ತುಕ್ಕಿನ ಚುಕ್ಕೆ ಬಂತು. ಬಳಸಿದ್ದೀರಿ, ವಾಪಸ್ ಇಲ್ಲ ಅಂದರು. ಬಳಸದೆ ಚಾಕುವಿಗೆ ತುಕ್ಕು ಹಿಡಿಯುತ್ತದೋ ಇಲ್ಲವೋ ಹೇಗೆ ನೋಡಲಿ ಹೇಳಿ? 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ಕೇಳುವ ಅಧಿಕಾರಿ 48 ಗಂಟೆಯೊಳಗೆ ದೂರು ಬಂತು ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಅದನ್ನು ನೆನಪಿಸಿ, ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಿದ ಮೇಲೆ ದುಡ್ಡು ಬಂತು.

ಬಿಲ್ಲಿನಲ್ಲಿ ಅಡುಗೆಮನೆ ಚಾಕು ಅಂತ ಸ್ಪಷ್ಟವಾಗಿ ಇರಲಿ. 2016ರ ಶಸ್ತ್ರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಆಯುಧದ ಪಟ್ಟಿಗೆ ಬರುತ್ತದೆ, ಮನೆ, ಬೇಸಾಯ, ಕೈಗಾರಿಕೆಯಂಥ ಕೆಲಸಕ್ಕೆ ಅಂತಲೇ ಮಾಡಿದ್ದನ್ನು ಬಿಟ್ಟು. ಅಡುಗೆ ಚಾಕುವಿನ ಪಕ್ಕದಲ್ಲೇ ಬಾಕು, ಕತ್ತಿ ಮಾರುವ ಅಂಗಡಿಗಳಿಂದ ನಾನು ದೂರ.

ನಾನು ತರಿಸುವ ಅಂಗಡಿಯ ಮೇಲೆ ದೂರುಗಳೂ ಇವೆ. ಬೇಕಾದ ಚಾಕು ಅರ್ಧ ಸಲ ಸ್ಟಾಕ್ ಇರುವುದಿಲ್ಲ. ಕ್ಯಾಶ್ ಆನ್ ಡೆಲಿವರಿ ಇಲ್ಲ. ಸಾಣೆಗೆ ಕಳಿಸಬಹುದು, ಆದರೆ ಹೋಗಿ ಬರುವ ಕೊರಿಯರ್ ಖರ್ಚು ನಮ್ಮದೇ, ಅಷ್ಟು ದಿನ ಚಾಕು ಇಲ್ಲದೆ ಮೆಸ್ ನಡೆಸುವುದು ಹೇಗೆ? ಎಡಗೈಯವರಿಗಂತೂ ಏನೂ ಇಟ್ಟಿಲ್ಲ. ಜಪಾನೀ ಚಾಕುಗಳ ಹಿಡಿ ಒಂದು ಕಡೆ ಉಬ್ಬಾಗಿ ಬಲಗೈಗೆ ಅಂತಲೇ ಮಾಡಿದ್ದು ಇರುತ್ತದೆ, ನಮ್ಮಲ್ಲಿ ತರಕಾರಿ ಹೆಚ್ಚುವ ಅಕ್ಕ ಎಡಚಿ. ಕೇಳಿದಾಗಲೆಲ್ಲಾ "ತರಿಸ್ತೀವಿ ಸರ್" ಅನ್ನುತ್ತಾರೆ. ಅವು ಬರುವವರೆಗೂ ಐದಕ್ಕೆ ನಾಲ್ಕೇ ಸ್ಟಾರ್.